ತುದಿಯಿಲ್ಲದ ಹೊಳೆದಾರಿ

ಮುಳ್ಳಯ್ಯನಗಿರಿಗೆ ಹೊರಟವರಿಗೆ ಒಂದು ಸೌಕರ್ಯವಿದೆ. 1,930 ಮೀಟರ್ ಮುಟ್ಟಿದ ಮೇಲೆ ಹತ್ತಲು ಏನೂ ಉಳಿದಿರುವುದಿಲ್ಲ. ಫೋಟೊ ತೆಗೆಸಿಕೊಂಡು ಇಳಿಯಲೇಬೇಕು. ಹೊಳೆಗೆ ಈ ಶಿಸ್ತು ಗೊತ್ತಿಲ್ಲ. ಕಳಸದ ಬಳಿ ಭದ್ರೆಯ ದಡ ಹಿಡಿಯಿರಿ, ಸಕಲೇಶಪುರದ ಆಚೆ ಹೇಮಾವತಿಯ ದಡ ಹಿಡಿಯಿರಿ, ಮಲೆನಾಡಿನ ನೆಂಟರ ಹಾಗೆ ಪ್ರತಿ ತಿರುವೂ ‘ಇನ್ನೊಂಚೂರು ಇದ್ದು ಹೋಗಿ’ ಎನ್ನುತ್ತದೆ. ಆದ್ದರಿಂದ ಹೊಳೆಬದಿ ನಡೆಯಲು ಹೊರಡುವವರು ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು ಎಲ್ಲಿ ಹೊರಡಬೇಕು ಅನ್ನುವುದನ್ನಲ್ಲ, ಎಷ್ಟು ಹೊತ್ತಿಗೆ ತಿರುಗಬೇಕು ಅನ್ನುವುದನ್ನು.

ಲೆಕ್ಕ ಸಂಜೆಯಿಂದ ಹಿಂದಕ್ಕೆ ಸಾಗಬೇಕು. ಕೊನೆಯ ಬಸ್ಸಿನ ಹೊತ್ತನ್ನು ಬೆಳಿಗ್ಗೆ ಇಳಿಯುವಾಗಲೇ ಕಂಡಕ್ಟರ್ ಹತ್ತಿರ ಕೇಳಿಕೊಳ್ಳಿ. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಆರರ ನಂತರವೇ ಆದರೂ ಕಾಫಿ ತೋಟದ ನೆರಳುಮರಗಳ ಕೆಳಗೆ ಐದೂವರೆಗೇ ಮಬ್ಬು. ನಾಲ್ಕೂವರೆಗೆ ಟಾರು ರಸ್ತೆಯಲ್ಲಿರಬೇಕೆಂದರೆ ಎಂಟಕ್ಕೆ ಹೊರಟವರು ಹನ್ನೆರಡಕ್ಕೆ ಬೆನ್ನು ತಿರುಗಿಸಬೇಕು. ಬುತ್ತಿಯ ಅರ್ಧ ಗಂಟೆ ವಾಪಸಿನ ಪಾಲಿಗೆ ಸೇರಲಿ. ಎದುರಿಗೆ ಎಂಥ ಚೆಂದದ ಮಡು ಕಂಡರೂ ಹನ್ನೆರಡು ಅಂದರೆ ಹನ್ನೆರಡೇ.

ದೂರದ ವಿಷಯ ಇನ್ನೂ ಮೋಸದ್ದು. ಸ್ಕಾಟ್ಲೆಂಡಿನ ಪರ್ವತಾರೋಹಿ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಚಾರಣಿಗರಲ್ಲಿ ಇಂದಿಗೂ ಚಾಲ್ತಿಯಲ್ಲಿದೆ: ಗಂಟೆಗೆ ಸುಮಾರು ಐದು ಕಿಲೋಮೀಟರ್, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹೊಳೆಬದಿಯಲ್ಲಿ ಏರೇ ಇಲ್ಲವಲ್ಲ ಎಂದು ಹತ್ತು ಕಿಲೋಮೀಟರಿಗೆ ಎರಡು ಗಂಟೆ ಬರೆದುಕೊಂಡವರು ಕೆಟ್ಟರು. ಹೊಳೆಗೆ ಬಂದು ಸೇರುವ ಒಂದೊಂದು ಹಳ್ಳವೂ ಸಂಕ, ಅಂದರೆ ಕಾಲುಸೇತುವೆ, ಹುಡುಕಿಕೊಂಡು ಮೇಲಕ್ಕೆ ಹೋಗಿ ಬರುವಂತೆ ಮಾಡುತ್ತದೆ. ನಡುವೆ ದರೆ ಕುಸಿದಿರುತ್ತದೆ, ತೋಟದ ಅಗಳು (ಕಂದಕ) ಅಡ್ಡ ಬರುತ್ತದೆ, ಬೇಲಿಯ ದಾರಿಗೆ ಅಡ್ಡವಿಟ್ಟ ಉಣುಗೋಲು ಸರಿಸಿ ಮತ್ತೆ ಹಾಕಿಯೇ ಮುಂದೆ ಹೋಗಬೇಕು. 1:50,000ರ ಸರ್ವೆ ನಕ್ಷೆಯ ಮೇಲೆ ಹೊಳೆಯ ತಿರುವುಗಳಗುಂಟ ಒಂದು ದಾರವಿಟ್ಟು ಅಳೆಯಿರಿ. ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್. ಬಂದದ್ದಕ್ಕೆ ಮೂರನೇ ಒಂದು ಭಾಗ ಸೇರಿಸಿ, ಗಂಟೆಗೆ ಎರಡು ಕಿಲೋಮೀಟರ್ ಎಂದಿಟ್ಟುಕೊಂಡರೆ ಮಾನ ಉಳಿಯುತ್ತದೆ. ದಾರಿಯಲ್ಲಿ ಸಿಕ್ಕವರನ್ನು ‘ಎಷ್ಟು ದೂರ ಅಣ್ಣ?’ ಎಂದು ಕೇಳಿ ಪ್ರಯೋಜನವಿಲ್ಲ, ‘ಇಲ್ಲೇ’ ಎನ್ನುತ್ತಾರೆ. ‘ಈ ಮಳೆಗಾಲ ಆದಮೇಲೆ ಸಂಕ ಉಳಿದಿದೆಯಾ?’ ಎಂದು ಕೇಳಿ. ಅದಕ್ಕೆ ಸರಿಯಾದ ಉತ್ತರ ಸಿಗುತ್ತದೆ. ತೋಟದೊಳಗೆ ಹಾಯಬೇಕಾದರೆ ಅಲ್ಲಿನ ಕೆಲಸ ನೋಡಿಕೊಳ್ಳುವ ರೈಟರನ್ನು ಕಂಡು ಒಪ್ಪಿಗೆ ಪಡೆಯಿರಿ, ಕಾಡಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಎಡಕುಮೇರಿ ಕಡೆ ಕೆಂಪುಹೊಳೆ ನೋಡುವ ನೆಪದಲ್ಲಿ ರೈಲು ಹಳಿಯ ಮೇಲೆ ನಡೆಯುವುದಂತೂ ಅಪರಾಧ.

ಜೂನಿನಿಂದ ಸೆಪ್ಟೆಂಬರ್‌ವರೆಗೆ ಹೊಳೆಯನ್ನು ಅದರ ಪಾಡಿಗೆ ಬಿಡುವುದೇ ಸರಿ. ಹೊರನಾಡಿನ ದಾರಿಯ ಹೆಬ್ಬಾಳೆ ಸೇತುವೆ ಮುಳುಗಿದ ಸುದ್ದಿ ಮಳೆಗಾಲದ ಪತ್ರಿಕೆಗಳಿಗೆ ಹೊಸದಲ್ಲ. ಅಕ್ಟೋಬರಿನ ಗುಡುಗು ಮಳೆಯಲ್ಲೂ ಎಚ್ಚರ ಬೇಕು. ನೀವಿರುವಲ್ಲಿ ಬಿಸಿಲಿದ್ದರೂ ಮೇಲೆ ಕುದುರೆಮುಖದ ಸಾಲಿನಲ್ಲಿ ಸುರಿದದ್ದು ಕೆಳಗೆ ಬಂದೇ ಬರುತ್ತದೆ. ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾಗಿ, ತರಗೆಲೆ ಕಡ್ಡಿ ತೇಲತೊಡಗಿ, ಸದ್ದು ದಪ್ಪವಾದರೆ ಚೀಲ ಎತ್ತಿಕೊಂಡು ದಡದ ಮೇಲಕ್ಕೆ ಹತ್ತಿಬಿಡಿ. ದಾಟಲೇಬೇಕಾದರೆ ಹೊಳೆ ಅಗಲವಾಗಿ ಹರಡಿ ಬೆಣಚುಕಲ್ಲು ಕಾಣುವ ಜಾಗ ಆರಿಸಿ. ಕಿರಿದಾದ ಕಡೆ ದಾಟುವುದು ಸುಲಭ ಅನ್ನಿಸುತ್ತದೆ, ಆದರೆ ಆಳವೂ ಸೆಳೆತವೂ ಇರುವುದು ಅಲ್ಲಿಯೇ. ಕಾಲ್ಚೀಲ ಬಿಚ್ಚಿ ಬರಿ ಶೂ ಹಾಕಿಕೊಳ್ಳಿ, ಚೀಲದ ಸೊಂಟದ ಪಟ್ಟಿ ಸಡಿಲಿಸಿ, ಮುಖ ನೀರು ಬರುವ ಕಡೆಗಿರಲಿ, ಕೋಲೂರಿ ಒಂದೊಂದೇ ಹೆಜ್ಜೆ ಇಡಿ. ಹರಿವ ನೀರು ಮೊಣಕಾಲು ಮೀರಿತೋ, ಹಿಂದಕ್ಕೆ. ಪಾಚಿ ಕಟ್ಟಿದ ಹಾಸುಬಂಡೆಯ ಮೇಲೆ ಎಷ್ಟು ದುಬಾರಿಯ ಶೂ ಆದರೂ ಜಾರುತ್ತದೆ.

ಹೊಳೆ ಪಕ್ಕದಲ್ಲೇ ಇದೆಯೆಂದು ಕುಡಿಯುವ ನೀರು ಒಯ್ಯದೆ ಹೋಗಬೇಡಿ. ತಲೆಗೆ ಎರಡೂವರೆ ಲೀಟರ್ ಬೇಕು. ಮುಂಗಾರಿಗೆ ಮುಂಚೆ ತೋಟಗಳಲ್ಲಿ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತಾರೆ, ಕೊಯ್ಲಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ನೀರು ಹಳ್ಳಕ್ಕೆ ಇಳಿಯುವುದುಂಟು. ನೋಡಲು ಸ್ಫಟಿಕದಂತಿದ್ದರೂ ನಂಬುವಂತಿಲ್ಲ. ಬುತ್ತಿಗೆ ಪುಳಿಯೋಗರೆ, ಇಲ್ಲವೇ ಅಕ್ಕಿರೊಟ್ಟಿ-ಚಟ್ನಿಪುಡಿ. ಕಾಯಿಚಟ್ನಿ ಮಧ್ಯಾಹ್ನಕ್ಕೆ ಹಳಸುತ್ತದೆ.

ಸಕಲೇಶಪುರ, ಆಲೂರು, ಮೂಡಿಗೆರೆ ಸೀಮೆಯಲ್ಲಿ ಆನೆ ಎಲ್ಲಿದೆ ಎಂದು ವಿಚಾರಿಸದೆ ಹೆಜ್ಜೆ ಇಡಕೂಡದು. ನೀರಿಗಾಗಿ ಅವೂ ಅದೇ ದಡಕ್ಕೆ ಬರುತ್ತವೆ. ಬಿಸಿಲೇರುವ ಮುಂಚೆ, ಹೊತ್ತಿಳಿದ ಮೇಲೆ ದಡ ಅವುಗಳದ್ದು. ಬಿಸಿ ಆರದ ಲದ್ದಿ ಕಂಡರೆ ಮಧ್ಯಾಹ್ನ ಹನ್ನೆರಡರವರೆಗೂ ಕಾಯಬೇಕಿಲ್ಲ, ಆಗಲೇ ತಿರುಗಬಹುದು.

ಇಂಬಳದ (ಜಿಗಣೆಯ) ಕಾಟ ನವೆಂಬರ್‌ವರೆಗೂ ಇರುತ್ತದೆ. ಪ್ಯಾಂಟನ್ನು ಕಾಲ್ಚೀಲದೊಳಗೆ ಸಿಕ್ಕಿಸಿ, ಹೊಗೆಸೊಪ್ಪು ನೆನೆಸಿದ ನೀರನ್ನು ಶೂಗೆ ಸವರಿ. ಹತ್ತಿದ್ದನ್ನು ಕಿತ್ತೆಳೆಯದೆ, ಬಾಯಿರುವ ಸಣ್ಣ ತುದಿಯ ಕೆಳಗೆ ಉಗುರು ತೂರಿಸಿ ಸರಿಸಿದರೆ ಬಿಡುತ್ತದೆ. ಅದರ ಎಂಜಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಹಾಗಾಗಿ ಬಿಟ್ಟು ಬಿದ್ದಮೇಲೂ ಬಹಳ ಹೊತ್ತು ಒಸರುತ್ತದೆ. ಗಾಬರಿ ಬೇಡ. ಸೋಪು ಹಾಕಿ ತೊಳೆದು ಬಟ್ಟೆ ಒತ್ತಿ ಹಿಡಿದರೆ ಸಾಕು. ಕೆರೆದುಕೊಂಡರೆ ಮಾತ್ರ ವಾರವಿಡೀ ತುರಿಕೆ.