ಸಿಗ್ಮಾ ಅಂದ್ರೆ ಬರೀ ಒಂದು ಮಾರ್ಕ್ಸಿನ ಪ್ರಶ್ನೆ ಅಲ್ರೀ

ದ್ವಿತೀಯ ಪಿಯುಸಿ ಬಯಾಲಜಿಯಲ್ಲಿ ಸಿಗ್ಮಾಗೆ ಸಿಗೋ ಜಾಗ ಒಂದೆರಡು ಸಾಲು. ಬ್ಯಾಕ್ಟೀರಿಯಾದಲ್ಲಿ ಜೀನ್ ಓದಿ ಆರ್‌ಎನ್‌ಎ ಪ್ರತಿ ತೆಗೆಯೋ ಕಿಣ್ವ ಆರ್‌ಎನ್‌ಎ ಪಾಲಿಮರೇಸ್. ಅದಕ್ಕೆ ಸಿಗ್ಮಾ ಅನ್ನೋ ಪ್ರೋಟೀನು ಸೇರಿದ್ರೆ ಕೆಲಸ ಶುರು, ರೋ ಅನ್ನೋ ಪ್ರೋಟೀನು ಸೇರಿದ್ರೆ ಮುಕ್ತಾಯ. ನಮ್ಮ ಸಿಂಧನೂರಿನ ಯಾವ ನೀಟ್ ಹುಡುಗನನ್ನ ನಿದ್ದೆಯಿಂದ ಎಬ್ಬಿಸಿ ಕೇಳಿದ್ರೂ ಒಪ್ಪಿಸ್ತಾನೆ. ನನ್ನ ತಕರಾರು ಇರೋದೇ ಅಲ್ಲಿ. ಟಿಬಿ ಅಂದ್ರೆ ಏನಂತ ಗೊತ್ತಿಲ್ಲದ ಓಣಿ ನಮ್ಮ ಕಡೆ ಇಲ್ಲ. ಆದ್ರೂ ಟಿಬಿ ಹೆಸರೆತ್ತದೇ ಈ ಪಾಠ ಮುಗಿಸ್ತೀವಿ.

ತುಂಗಭದ್ರಾ ಎಡದಂಡೆ ಕಾಲುವೆ ಮಕ್ಕಳಿಗೆ ಇದನ್ನ ಹೇಳೋದೇನು ಕಷ್ಟ ಅಲ್ಲ. ಕಾಲುವೆಯಲ್ಲಿ ನೀರು ಒಂದೇ, ಯಾವ ತೂಬು ಎತ್ತಬೇಕು ಅನ್ನೋದು ನೀರಗಂಟಿ ಕೈಲಿ. ಸಿಗ್ಮಾ ಅಂಥ ನೀರಗಂಟಿ. ಜೀನ್ ಓದು ಶುರುವಾಗೋ ಜಾಗಕ್ಕಿಂತ ಸುಮಾರು 10 ಮತ್ತು 35 ಡಿಎನ್‌ಎ ಅಕ್ಷರ ಹಿಂದಿರೋ ಗುರುತು ಹಿಡಿದು ಪಾಲಿಮರೇಸನ್ನ ಅಲ್ಲಿ ಕೂರಿಸುತ್ತೆ. 1969ರಲ್ಲೇ ಗೊತ್ತಾದ ಸಂಗತಿ ಇದು. ಕರುಳಲ್ಲಿರೋ ಇ. ಕೋಲೈ ಬ್ಯಾಕ್ಟೀರಿಯಾಗೆ ಇಂಥ ಸಿಗ್ಮಾಗಳು 7, ಟಿಬಿ ಬ್ಯಾಕ್ಟೀರಿಯಾಗೆ 13.

ಅಷ್ಟೊಂದು ಯಾಕೆ? ಪುಪ್ಪುಸದ ರಕ್ಷಕ ಕೋಶ ಆ ಕ್ರಿಮಿಯನ್ನ ನುಂಗಿದ ಮೇಲೆ ಒಳಗಿರೋದು ಆಮ್ಲ, ಸುಡೋ ಉತ್ಕರ್ಷಕ (ಆಕ್ಸಿಡೈಸಿಂಗ್) ರಾಸಾಯನಿಕಗಳು, ಉಪವಾಸ. ದಿನನಿತ್ಯದ ಕೆಲಸ ನೋಡ್ಕೊಳ್ಳೋ ಸಿಗ್ಮಾ-ಎ ಒಂದೇ ಸಾಲೋದಿಲ್ಲ. ಸಿಗ್ಮಾ-ಎಚ್ ಅನ್ನೋದನ್ನ ಇನ್ನೊಂದು ಪ್ರೋಟೀನು ಸದಾ ಅಮುಕಿ ಹಿಡ್ದಿರುತ್ತೆ. ಆ ಉತ್ಕರ್ಷಕಗಳ ದಾಳಿ ಬಿತ್ತೋ, ಆ ಹಿಡಿತ ಸಡಿಲ, ರಿಪೇರಿ ಜೀನ್‌ಗಳೆಲ್ಲ ಚಾಲೂ. ಕೋಶದ ಹೊದಿಕೆಗೆ ಪೆಟ್ಟಾದ್ರೆ ಸಿಗ್ಮಾ-ಇ ಎದ್ದು ಬರುತ್ತೆ. ಅದನ್ನ ತೆಗೆದುಹಾಕಿದ ಬ್ಯಾಕ್ಟೀರಿಯಾ ಇಲಿಗಳಲ್ಲಿ ಸೊರಗಿಹೋಯ್ತು. ಸಿಗ್ಮಾ-ಎಚ್ ತೆಗೆದಾಗ ಆಗಿದ್ದು ಇನ್ನೂ ವಿಚಿತ್ರ. ಇಲಿಗಳ ಪುಪ್ಪುಸದಲ್ಲಿ ಕ್ರಿಮಿಗಳ ಸಂಖ್ಯೆ ಹೆಚ್ಚೂಕಡಿಮೆ ಅಷ್ಟೇ ಇತ್ತು, ಪುಪ್ಪುಸಕ್ಕಾದ ಹಾನಿ ಮಾತ್ರ ಕಡಿಮೆ. ಇದನ್ನ ಮೊದಲ ಸಲ ಓದಿದಾಗ ನಾನು ಪುಟ ಹಿಂದೆ ತಿರುಗಿಸಿ ಮತ್ತೆ ಓದಿದೆ. ಕ್ರಿಮಿ ಎಷ್ಟಿವೆ ಅನ್ನೋದಕ್ಕಿಂತ ಯಾವ ಜೀನ್ ಓದ್ತಾ ಕೂತಿವೆ ಅನ್ನೋದೇ ಇಲ್ಲಿ ದೊಡ್ಡದಾಯ್ತಲ್ಲ!

ಇನ್ನು ಮೂತ್ರ ಕೆಂಪು ಮಾಡೋ ಆ ಟಿಬಿ ಮಾತ್ರೆ, ರಿಫಾಂಪಿಸಿನ್. ಯಾವ ಸಿಗ್ಮಾ ಬಂದು ಕೂತಿದೆ ಅಂತ ಅದು ನೋಡೋದಿಲ್ಲ. ನೇರ ಪಾಲಿಮರೇಸ್‌ಗೇ ಅಂಟ್ಕೊಳ್ಳುತ್ತೆ, ಆರ್‌ಎನ್‌ಎ ಎರಡು ಮೂರು ಅಕ್ಷರ ದಾಟಿ ಬೆಳೆಯೋದಿಲ್ಲ. ಆದ್ರೂ ಬೆಳವಣಿಗೆ ನಿಧಾನ ಮಾಡ್ಕೊಂಡು ಅಡಗಿರೋ ಕ್ರಿಮಿಗಳು ಬೇಗ ಸಾಯೋದಿಲ್ಲ. ಎರಡು ತಿಂಗಳಿಗೇ ಕೆಮ್ಮು ಹೋಗಿ ಮೈ ತುಂಬ್ಕೊಂಡವ್ರಿಗೂ 6 ತಿಂಗಳ ಮಾತ್ರೆ ಕೊಡೋದು ಇದಕ್ಕೆ. ಬರೀ ‘ಕೋರ್ಸ್ ಮುಗಿಸ್ರಿ’ ಅಂದ್ರೆ ಯಾರು ಕೇಳ್ತಾರೆ? ನಡುವೆ ಬಿಟ್ಟು ಔಷಧಿಗೆ ಬಗ್ಗದ ಟಿಬಿ ಆದ್ರೆ, ಟಿಬಿ ಜೀನ್ ಪರೀಕ್ಷೆ ಮಾಡೋ ಸರ್ಕಾರಿ ಆಸ್ಪತ್ರೆಯ ಸಿಬಿನ್ಯಾಟ್ ಯಂತ್ರ ಕಫದಲ್ಲಿ ತಡಕೋದು ಇದೇ ಪಾಲಿಮರೇಸ್ ಜೀನಿನ 81 ಅಕ್ಷರಗಳನ್ನ.

‘ನೀಟ್‌ಗೆ ಇಷ್ಟೆಲ್ಲ ಬೇಡ ಸರ್’ ಅನ್ನೋ ಪಾಲಕರಿಗೆ ಒಂದು ಮಾತು: ಇದಕ್ಕೆ ನನಗೆ ಬೇಕಿರೋದು ಅರ್ಧ ಪೀರಿಯಡ್ಡು. ಟೆಸ್ಟ್ ಸೀರೀಸ್‌ನಲ್ಲಿ ಒಂದು ಟೆಸ್ಟ್ ಕಡಿಮೆ ಮಾಡಿ ಕೊಡ್ರಿ.