ಕಡಿಮೆ ಖರ್ಚಿನ ಕೈತೋಟಕ್ಕೆ ಎಷ್ಟು ಖರ್ಚಾಗುತ್ತೆ?

ತುಮಕೂರು ಜಿಲ್ಲೆಯಲ್ಲಿ ತೆಂಗಿನ ಸಿಪ್ಪೆಗೆ ಎರಡು ಜನ್ಮ.

ಮೊದಲನೆಯದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಯಾವುದೋ ತೋಟದ ಮನೆಯಲ್ಲಿ. ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಮಲಗಿ ಉಂಡೆ ಕೊಬ್ಬರಿ ಆಗುತ್ತದೆ. ಆಮೇಲೆ ಸುಲಿಯುತ್ತಾರೆ. ಕೊಬ್ಬರಿಗೆ ಮಾರುಕಟ್ಟೆ ಇದೆ. ಚಿಪ್ಪಿಗೆ ಇದ್ದಿಲು ಮಾಡುವವರು ಬರುತ್ತಾರೆ. ಸಿಪ್ಪೆ ಮಾತ್ರ ಹಂಡೆ ಒಲೆಗೆ ಹೋಗುತ್ತದೆ. ಒಲೆ ಉರಿದು ಮಿಕ್ಕಿದ್ದು ಮನೆ ಹಿಂದೆ ಗುಡ್ಡೆ ಬೀಳುತ್ತದೆ, ಅದರೊಳಗೆ ಚೇಳುಗಳು ಮಕ್ಕಳು ಮರಿ ಸಮೇತ ಸಂಸಾರ ಹೂಡುತ್ತವೆ.

ಒಂದು ದಿನ ಲಾರಿ ಬಂದು ಆ ಗುಡ್ಡೆಯನ್ನು ಎತ್ತಿಕೊಂಡು ಹೋಗುತ್ತದೆ. ಕಾರ್ಖಾನೆಯಲ್ಲಿ ನಾರು ಒಂದು ಕಡೆ, ಪುಡಿ ಒಂದು ಕಡೆ. ಪುಡಿಯನ್ನು ಒತ್ತಿ ಇಟ್ಟಿಗೆ ಮಾಡಿ, ಪ್ಲಾಸ್ಟಿಕ್ ಸುತ್ತಿ, ಮೇಲೆ ಒಂದು ಹಸಿರು ಎಲೆಯ ಚಿತ್ರ ಅಂಟಿಸುತ್ತಾರೆ. ಈಗ ಅದು ಕೋಕೋಪೀಟ್. ಯಾವುದೋ ಊರಿನ ಗೋದಾಮು ಸುತ್ತಿ, ಆಪ್‌ನಲ್ಲಿ ಆರ್ಡರ್ ಆಗಿ, ತುಮಕೂರಿನ ಅಶೋಕನಗರದ ಮೂರನೇ ಮಹಡಿಗೆ ಲಿಫ್ಟಿನಲ್ಲಿ ಹತ್ತುತ್ತದೆ. ಹಬ್ಬಕ್ಕೆ ಊರಿಂದ ಬಂದ ತಾಯಿ ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಾರೆ.

"ಏನ್ಲಾ ಇದು?"

"ಕೋಕೋಪೀಟ್ ಕಣಮ್ಮ. ಗಿಡಕ್ಕೆ."

ತಾಯಿ ಮೂಸುತ್ತಾರೆ. "ನಮ್ಮ ಸಿಪ್ಪೆ ಪುಡಿ ಅಲ್ವೇನ್ಲಾ? ಇದಕ್ಕೂ ದುಡ್ಡು ಕೊಟ್ಯಾ?"

"ಆಫರಲ್ಲಿತ್ತು."

ಆಫರಲ್ಲಿ ಬಂದ ಈ 5 ಕೆಜಿ ಇಟ್ಟಿಗೆ ನೀರು ಕುಡಿದರೆ 60-70 ಲೀಟರಿನಷ್ಟು ಉಬ್ಬುತ್ತದೆ. ಸಿಪ್ಪೆಯಲ್ಲಿ ಉಪ್ಪಿನಂಶ ಇರುವುದರಿಂದ, ತೊಳೆಯದೆ ಬಂದ ಪುಡಿಯಾದರೆ ಎರಡು ಮೂರು ಸಲ ತೊಳೆದು ಹಿಂಡಬೇಕು. ಹೇಮಾವತಿ ಹೊಳೆ ನೀರು ಗೊರೂರಿನಿಂದ ನಾಲೆ ಹಿಡಿದು ಬುಗುಡನಹಳ್ಳಿ ಕೆರೆಗೆ ಬಂದು, ಶುದ್ಧವಾಗಿ, ಪೈಪು ಹತ್ತಿ ಮೂರನೇ ಮಹಡಿಗೆ ಏರುವುದು ಇದಕ್ಕೇ ಇರಬೇಕು. ಇಷ್ಟೆಲ್ಲ ಆದ ಮೇಲೂ ಆ ಪುಡಿಯಲ್ಲಿ ಗಿಡಕ್ಕೆ ಹೊಟ್ಟೆ ತುಂಬುವಂಥದ್ದು ಏನೂ ಇರಲ್ಲ. ನೀರು ಹಿಡಿದಿಟ್ಟುಕೊಳ್ಳುವುದಷ್ಟೇ ಅದರ ಕೆಲಸ. ತೆಂಗಿನ ತೋಟದವರು ಹಸಿ ಸಿಪ್ಪೆಯನ್ನೇ ಒಳಮೈ ಮೇಲೆ ಮಾಡಿ ಮರದ ಸುತ್ತ ಹೂತು ಇದೇ ಕೆಲಸ ಮಾಡಿಸಿಕೊಳ್ಳುತ್ತಾರೆ. ಕುಂಡದ ತಳಕ್ಕೆ ಎರಡು ಸಿಪ್ಪೆ ಇಟ್ಟು ಮಣ್ಣು ತುಂಬಿದರೂ ಸಾಕು. ಆದರೆ ಸಿಪ್ಪೆಗೆ ಬಾರ್‌ಕೋಡ್ ಇಲ್ವಲ್ಲ.

ಹೊಟ್ಟೆಗಿಲ್ಲದ ಪುಡಿಗೆ ಗೊಬ್ಬರ ಬೇಕು. ಅದು ಎರಡನೇ ಆರ್ಡರ್. ಸಗಣಿ ಗೊಬ್ಬರ ಜಿಪ್ ಇರುವ ಪೊಟ್ಟಣದಲ್ಲಿ ಬರುತ್ತದೆ, ಒಣದ್ರಾಕ್ಷಿಯ ಪಕ್ಕ ಇಟ್ಟರೆ ಗೊತ್ತಾಗಲ್ಲ. ಬೆರಣಿಯೂ ಸಿಗುತ್ತದೆ, ಡಜನ್ ಲೆಕ್ಕದಲ್ಲಿ, ಡಬ್ಬಿಯಲ್ಲಿ ಜೋಡಿಸಿ. ಹಿತ್ತಲಿನ ತಿಪ್ಪೆ ಗಲೀಜು ಅಂತ ಮುಚ್ಚಿಸಿದವರೇ ಬಾಲ್ಕನಿಗೆ ಮೂರು ಅಂತಸ್ತಿನ ಕಾಂಪೋಸ್ಟ್ ಡಬ್ಬ ತರಿಸುತ್ತಾರೆ. ಅದು ತಿಪ್ಪೆಯೇ, ಮಹಡಿ ಕಟ್ಟಿಸಿಕೊಂಡಿದೆ ಅಷ್ಟೆ.

ಮೂರನೆಯದು ಕುಂಡ. ಇಲ್ಲಿ ಉಳಿತಾಯದ ವಿಡಿಯೋಗಳು ಬರುತ್ತವೆ. "ಕಸದಿಂದ ರಸ! ಝೀರೋ ಖರ್ಚು!" ಬೇಕಾಗುವ ಸಾಮಾನು: ಖಾಲಿ ಕೂಲ್‌ಡ್ರಿಂಕ್ ಬಾಟಲಿ. ಅದೊಂದು ಪುಕ್ಕಟೆ, ಕೂಲ್‌ಡ್ರಿಂಕ್ ಕುಡಿಯುವ ಖರ್ಚು ಬಿಟ್ಟರೆ. ಆಮೇಲೆ ಬಿಳಿ ಪ್ರೈಮರ್, ಮೂರು ಬಣ್ಣದ ಅಕ್ರಿಲಿಕ್, ಎರಡು ಸೈಜಿನ ಬ್ರಷ್ಷು, ವಾರ್ನಿಷ್, ಗ್ಲೂ ಗನ್ನು, ಸೆಣಬಿನ ಹಗ್ಗ, ಕೊಕ್ಕೆ, ಕೊಕ್ಕೆ ಹೊಡೆಯಲು ಡ್ರಿಲ್ಲಿಂಗ್ ಮಿಷನ್. ಕಸ ಒಂದು, ರಸ ಹತ್ತು. ಇಷ್ಟು ಮಾಡಿ ಅದರಲ್ಲಿ ನೆಡುವುದು ಒಂದು ಕಡ್ಡಿ ಮನಿ ಪ್ಲಾಂಟ್. ಅದನ್ನು ಕದ್ದು ತಂದರೇ ಚೆನ್ನಾಗಿ ಹಬ್ಬುತ್ತೆ ಅನ್ನುವ ನಂಬಿಕೆ ಇರುವುದರಿಂದ ಆ ಲೆಕ್ಕದಲ್ಲಿ ಮಾತ್ರ ಖರ್ಚಿಲ್ಲ.

ಅಜ್ಜಿ ಎಣ್ಣೆ ಡಬ್ಬದ ತಳಕ್ಕೆ ಮೊಳೆಯಿಂದ ನಾಲ್ಕು ತೂತು ಹೊಡೆದು ದೊಡ್ಡಪತ್ರೆ ಹಾಕಿದ್ದರು. ಡಬ್ಬ ತುಕ್ಕು ಹಿಡಿದಿತ್ತು, ಗಿಡ ಮಾತ್ರ ಡಬ್ಬ ಕಾಣದಷ್ಟು ತುಂಬಿಕೊಂಡಿತ್ತು. ಅಕ್ಕಿ ತೊಳೆದ ನೀರೇ ಅದಕ್ಕೆ ಟಾನಿಕ್ಕು, ಬಚ್ಚಲ ನೀರು ಬಾಳೆಗೆ. ಹೊಸ ಮನೆ ಗೃಹಪ್ರವೇಶಕ್ಕೆ 'ಲುಕ್ ಬರಲ್ಲ' ಅಂತ ಆ ಡಬ್ಬವನ್ನು ಗುಜರಿಗೆ ಹಾಕಿದರು. ಈಗ ಅದೇ ಮನೆಯ ಸಿಟೌಟಿನಲ್ಲಿ ತುಕ್ಕಿನ ಬಣ್ಣ ಬಳಿದ ತಗಡಿನ ಕುಂಡ ಇದೆ. ರಸ್ಟಿಕ್ ಫಿನಿಶ್ ಅಂತೆ. ತುಕ್ಕಿಗೂ ರೇಟು ಜಾಸ್ತಿ.

ಕಾಲಮಾನದ ಕಥೆಯೂ ಹೀಗೇ. ಮೃಗಶಿರಾ ಮಳೆ ಬಿದ್ದ ಮೇಲೆ ದಾಸವಾಳ, ನಂದಿಬಟ್ಟಲು, ಕಣಗಿಲೆ ಕಡ್ಡಿ ಮುರಿದು ನೆಟ್ಟರೆ ಸಾಕು, ಆಷಾಢದ ತುಂತುರಿಗೆ ಬೇರು ಬಿಡುತ್ತವೆ. ಆಗ ನಮಗೆ ಪುರಸೊತ್ತಿರಲ್ಲ. ಏಪ್ರಿಲ್ ಬಿಸಿಲಲ್ಲಿ ಬೆವರು ಸುರಿಯುವಾಗ ಮನೆ ತಂಪಾಗಿರಲಿ ಅಂತ ನೆನಪಾಗಿ ನರ್ಸರಿಗೆ ಓಡುತ್ತೇವೆ. ಡಿಸೆಂಬರಿನಲ್ಲಿ ಹೂ ಬಿಟ್ಟ ಸೇವಂತಿಗೆ ಕುಂಡ ತರುತ್ತೇವೆ. ಅದು ಹಗಲು ಚಿಕ್ಕದಾದಾಗ ಮೊಗ್ಗು ಕಟ್ಟುವ ಗಿಡ. ಹೂ ಮುಗಿದ ಮೇಲೆ ನಾಲ್ಕು ಬೆರಳು ಬಿಟ್ಟು ಕತ್ತರಿಸಿದರೆ ಬುಡದಲ್ಲಿ ಮರಿ ಹೊಡೆಯುತ್ತದೆ. ಆ ಮರಿ ಕಿತ್ತು ನೆಟ್ಟರೆ ಮುಂದಿನ ಚಳಿಗಾಲಕ್ಕೆ ನಾಲ್ಕು ಕುಂಡ ಹೂವು. ನಾವು ಹೂ ಬಾಡಿದ ತಕ್ಷಣ ಗಿಡ ಸತ್ತಿತು ಅಂದುಕೊಂಡು ಕಸದ ಗಾಡಿಗೆ ಹಾಕುತ್ತೇವೆ. ನರ್ಸರಿಯವರು ಮರಿಯ ಗುಟ್ಟು ಹೇಳಲ್ಲ. ಅವರ ಮನೆ ಒಲೆಯೂ ಉರಿಯಬೇಕಲ್ಲ.

ಒಳಾಂಗಣದ ಗಿಡಗಳದ್ದು ಬೇರೆಯೇ ದರ್ಬಾರು. "ನಾಸಾದವರೇ ಹೇಳಿದ್ದಾರೆ ಮೇಡಂ, ಈ ಗಿಡ ಇದ್ರೆ ಗಾಳಿ ಶುದ್ಧ" ಅಂತ ಅಂಗಡಿಯವನು ಸ್ನೇಕ್ ಪ್ಲಾಂಟ್ ಕೈಗಿಡುತ್ತಾನೆ. ನಾಸಾ 1989ರಲ್ಲಿ ಪರೀಕ್ಷೆ ಮಾಡಿದ್ದು ನಿಜ. ಗಾಳಿಯಾಡದಂತೆ ಮುಚ್ಚಿದ ಚಿಕ್ಕ ಪೆಟ್ಟಿಗೆಯೊಳಗೆ. ಕಿಟಕಿ ಬಾಗಿಲು ಇರುವ ಮನೆಯಲ್ಲಿ ಆ ಲೆಕ್ಕ ನಡೆಯಲ್ಲ. ಕಿಟಕಿ ತೆಗೆದರೆ ಅದಕ್ಕಿಂತ ಜಾಸ್ತಿ ಗಾಳಿ ಬರುತ್ತದೆ, ಆದರೆ ಕಿಟಕಿ ತೆಗೆಯಿರಿ ಅಂತ ನಾಸಾ ಹೆಸರಲ್ಲಿ ಯಾರೂ ಮಾರುತ್ತಿಲ್ಲ.

ಇದೆಲ್ಲ ಮನೆಯೊಳಗಿನ ಮಾತು. ಬೀದಿಗೆ ಬನ್ನಿ. 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿ ಸೇರಿತು. ಊರು ಸ್ಮಾರ್ಟ್ ಆದ ಮೇಲೆ ಹುಲ್ಲು ದಡ್ಡ ಆಗಿದ್ದರೆ ಹೇಗೆ? ನಿಜವಾದ ಹುಲ್ಲು ಶುದ್ಧ ದಡ್ಡ. ಬಿಸಿಲಿಗೆ ಒಣಗುತ್ತದೆ, ದನ ಬಂದರೆ ತಿನ್ನಿಸಿಕೊಳ್ಳುತ್ತದೆ. ಅದಕ್ಕೇ ಅಂಗಡಿ, ಹೋಟೆಲು, ಕ್ಲಿನಿಕ್ಕು ಎಲ್ಲದರ ಗೋಡೆಗೂ ಪ್ಲಾಸ್ಟಿಕ್ ಹುಲ್ಲು ಹತ್ತಿದೆ. ಮಧ್ಯೆ ಒಂದು ಬೋರ್ಡು: ಪ್ರಕೃತಿಯನ್ನು ಪ್ರೀತಿಸಿ. ನೀರು ಹಾಕುವ ರಗಳೆ ಇಲ್ಲ ಅಂತ ತಂದದ್ದು. ಈಗ ವಾರಕ್ಕೊಮ್ಮೆ ಪೈಪು ಹಿಡಿದು ಅದರ ಧೂಳು ತೊಳೆಯುತ್ತಾರೆ.

ಕಲ್ಯಾಣ ಮಂಟಪಗಳಂತೂ ಪೂರ್ತಿ ಸ್ಮಾರ್ಟ್. ತೆಂಗಿನ ತೋಟದ ನಡುವೆಯೇ ಮಂಟಪ, ಬಾಗಿಲಿಗೆ ಪ್ಲಾಸ್ಟಿಕ್ ತೆಂಗಿನ ಗರಿ. ಊಟಕ್ಕೆ ಬಾಳೆ ಎಲೆ ಚಿತ್ರ ಅಚ್ಚು ಹಾಕಿದ ಪೇಪರು. ಶಿರಾ ಕಡೆ ಸೇವಂತಿಗೆ ಬೆಳೆದವನು ಬೆಲೆ ಬಿದ್ದ ದಿನ ಕೊಯ್ಯುವ ಕೂಲಿಯೂ ಗಿಟ್ಟದೆ ಹೂವನ್ನು ಹೊಲದಲ್ಲೇ ಬಿಡುತ್ತಾನೆ. ಅದೇ ದಿನ ಮಂಟಪದ ಕಂಬಕ್ಕೆ ಪ್ಲಾಸ್ಟಿಕ್ ಸೇವಂತಿಗೆ ಸುತ್ತುತ್ತಿರುತ್ತಾರೆ. 2022ರ ಜುಲೈ 1ರಿಂದ ಒಂದೇ ಸಲ ಬಳಸುವ ಕೆಲವು ಪ್ಲಾಸ್ಟಿಕ್ ಸಾಮಾನುಗಳಿಗೆ ದೇಶದಲ್ಲಿ ನಿಷೇಧ ಬಂತು. ಪಟ್ಟಿಯಲ್ಲಿ ಅಲಂಕಾರದ ಥರ್ಮೋಕೋಲ್ ಇದೆ, ಬಲೂನಿನ ಪ್ಲಾಸ್ಟಿಕ್ ಕಡ್ಡಿ ಇದೆ, ಕಿವಿಗೆ ಹಾಕುವ ಕಡ್ಡಿಯೂ ಇದೆ. ಹೂವಿನ ಹೆಸರಿಲ್ಲ. ಕಿವಿಯ ಗುಗ್ಗೆ ತೆಗೆದವನು ಪರಿಸರ ದ್ರೋಹಿ, ಮಂಟಪಕ್ಕೆಲ್ಲ ಪ್ಲಾಸ್ಟಿಕ್ ಹೂವು ಹೊದಿಸಿದವನು ಇವೆಂಟ್ ಮ್ಯಾನೇಜರ್. ಕೇಳಿದರೆ ಅವನ ಹತ್ತಿರ ಉತ್ತರ ರೆಡಿ ಇದೆ.

"ಇದು ಒಂದೇ ಸಲದ್ದಲ್ಲ ಸಾರ್. ನಾಲ್ಕು ವರ್ಷದಿಂದ ಇದೇ ಹೂವಲ್ಲಿ ಮದುವೆ ಮಾಡಿಸ್ತಿದೀವಿ."

ಸುಳ್ಳಲ್ಲ. ಆ ಹೂವು ಒಂದೇ ಮನೆಯ ನಿಶ್ಚಿತಾರ್ಥ, ಮದುವೆ, ಸೀಮಂತ ಎಲ್ಲಕ್ಕೂ ಬಂದಿರುತ್ತದೆ. ಕೆಲವು ಕಡೆ ಡೈವೋರ್ಸ್ ಆದ ಮೇಲೂ ಗಟ್ಟಿಯಾಗಿರುತ್ತದೆ.

ಈಗ ಮನೆಗಳ ಬಾಗಿಲಿಗೂ ಅದೇ ಬಂದಿದೆ. ಯುಗಾದಿಗೆ ಕಟ್ಟಿದ ಪ್ಲಾಸ್ಟಿಕ್ ಮಾವಿನೆಲೆ ತೋರಣ ದೀಪಾವಳಿಗೂ ಹಸಿರು. ಗೇಟಿಗೆ ಪ್ಲಾಸ್ಟಿಕ್ ಬಳ್ಳಿ, ಟೀಪಾಯಿ ಮೇಲೆ ಪ್ಲಾಸ್ಟಿಕ್ ಗುಲಾಬಿ. ದೇವರಿಗೆ ಮಾತ್ರ ಪ್ಲಾಸ್ಟಿಕ್ ಆಗಲ್ಲ ಅಲ್ವಾ? ಹಾಗಾಗಿ ಬೆಳಗಿನ ಐದೂವರೆಗೆ ಈ ಮನೆಗಳಿಂದ ಒಬ್ಬೊಬ್ಬರೇ ಹೊರಡುತ್ತಾರೆ. ಕಾಲಿಗೆ ವಾಕಿಂಗ್ ಶೂ, ಒಂದು ಕೈಯಲ್ಲಿ ಕವರು, ಇನ್ನೊಂದರಲ್ಲಿ ತುದಿಗೆ ಕೊಕ್ಕೆ ಕಟ್ಟಿದ ಕೋಲು. ಬಡಾವಣೆಯಲ್ಲಿ ಮಣ್ಣಿನ ನೆಲ ಉಳಿದಿರುವುದು ರಿಟೈರ್ಡ್ ಮೇಷ್ಟ್ರ ಮನೆಯಲ್ಲಿ. ಕಾಂಪೌಂಡಿನ ಆಚೆ ಬಾಗಿದ ಹೂವು ಸರ್ಕಾರದ್ದು, ಈಚೆ ಇರುವುದು ಕೋಲಿಗೆ ಸಿಕ್ಕಿದಷ್ಟು. ಬೆಳಕು ಹರಿಯುವ ಹೊತ್ತಿಗೆ ಗಿಡದಲ್ಲಿ ಎಲೆ ಮಾತ್ರ ಇರುತ್ತದೆ. ಮೇಷ್ಟ್ರು ತಮ್ಮ ಮನೆ ಪೂಜೆಗೆ ಬಸ್ ಸ್ಟ್ಯಾಂಡಿನ ಹತ್ತಿರ ಹೋಗಿ ಬಿಡಿ ಹೂವು ಕೊಂಡು ತರುತ್ತಾರೆ.

ಮೊನ್ನೆ ಅವರು ಸ್ವಲ್ಪ ಬೇಗ ಎದ್ದು ಬಾಗಿಲು ತೆಗೆದರು. ಕೋಲು ಹಿಡಿದವರು ಗಾಬರಿ ಬೀಳಲಿಲ್ಲ. ಕವರಿನಿಂದ ಒಂದು ದಾಸವಾಳ ತೆಗೆದು ತೋರಿಸಿದರು.

"ನಮಸ್ಕಾರ ಮೇಷ್ಟ್ರೇ. ಈ ವರ್ಷ ಹೂವು ಯಾಕೋ ಸಣ್ಣದಾಗಿದೆ. ಗೊಬ್ಬರ ಹಾಕಿಲ್ವಾ?"