ತಂಗಿಯ ಐಟಿ ಡಿಪಾರ್ಟ್‌ಮೆಂಟ್

ಮಗಳಿಗೆ ಒಂದು ವರ್ಷ ತುಂಬಿದಾಗ ನಾನು ಆರು ತಿಂಗಳು ರಜೆ ಹಾಕಿದೆ. ಊರಿಗೆ ಫೋನ್ ಮಾಡಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ದನಿ ತಗ್ಗಿಸಿ, "ಎಂತ ಆಯ್ತೋ? ಕೆಲಸದಿಂದ ತೆಗೆದ್ರಾ?" ಅಂದರು.

ತೆಗೆದಿರಲಿಲ್ಲ. ನಾನಿರುವುದು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ. ಇದು ಮಳೆ ಊರು ಅಂತ ಇಲ್ಲಿನವರು ಗೊಣಗುತ್ತಾರೆ. ತೀರ್ಥಹಳ್ಳಿ ಕಡೆಯ ಜುಲೈ ಕಂಡವನಿಗೆ ಇದು ಮಳೆಯೇ ಅಲ್ಲ, ಮಂಜು ಸ್ವಲ್ಪ ದಪ್ಪ ಆಗಿದೆ ಅಷ್ಟೆ. ಆದರೆ ಮಗು ಹುಟ್ಟಿದರೆ ಇಲ್ಲಿ ಅಪ್ಪ ಅಮ್ಮ ಇಬ್ಬರಿಗೂ ಸೇರಿ 480 ದಿನ ಹಣ ಸಿಗುವ ರಜೆ ಇದೆ. ಅದರಲ್ಲಿ 90 ದಿನ ಅಪ್ಪನದ್ದೇ, 90 ದಿನ ಅಮ್ಮನದ್ದೇ. ಅಪ್ಪ ತನ್ನ 90 ದಿನ ತೆಗೆದುಕೊಳ್ಳದಿದ್ದರೆ ಅಮ್ಮನ ಹೆಸರಿಗೆ ಬರೆದುಕೊಡುವ ಹಾಗಿಲ್ಲ. ಹೋಯ್ತು ಅಂದರೆ ಹೋಯ್ತು.

ಇದು ಒಂದೇ ಸಲಕ್ಕೆ ಬಂದದ್ದಲ್ಲ. ತಾಯಂದಿರಿಗೆ ಮಾತ್ರ ಇದ್ದ ರಜೆಯನ್ನು ಇಬ್ಬರ ರಜೆ ಅಂತ ಮಾಡಿದ್ದು 1974ರಲ್ಲಿ. ಮಾಡಿದರೂ ಗಂಡಸರು ಅದರ ಹತ್ತಿರ ಹೆಚ್ಚಾಗಿ ಸುಳಿಯಲಿಲ್ಲ. ಇಪ್ಪತ್ತು ವರ್ಷ ಕಾದು ನೋಡಿ, 1995ರಲ್ಲಿ ಒಂದು ತಿಂಗಳನ್ನು ಇಬ್ಬರಿಗೂ ಬೇರೆ ಬೇರೆಯಾಗಿ ಮೀಸಲಿಟ್ಟರು. 2002ರಲ್ಲಿ ಅದು ಎರಡು ತಿಂಗಳಾಯಿತು, 2016ರಲ್ಲಿ ಮೂರು. ಸ್ವೀಡನ್ನಿನ ಗಂಡಸು ಹುಟ್ಟಿನಿಂದಲೇ ಒಳ್ಳೆಯವನು ಅಂತ ನಮ್ಮ ಕಡೆ ಒಂದು ನಂಬಿಕೆ ಇದೆ. ಹಾಗೇನೂ ಇಲ್ಲ. ಸುಮ್ನೆ ಬಿಟ್ಟರೆ ಸಿಗುವುದು ಕೈ ತಪ್ಪುತ್ತದೆ ಅಂತಾದಾಗ ಮಗುವನ್ನು ಎತ್ತಿಕೊಂಡ, ಅಷ್ಟೆ. ಈಗಲೂ ರಜೆಯ ದಿನಗಳಲ್ಲಿ ಗಂಡಸರ ಪಾಲು ಶೇ. 30ರ ಆಸುಪಾಸಿನಲ್ಲೇ ಇದೆ.

ಮಗುವಿಗೆ ಜ್ವರ ಬಂದರೆ ಮನೆಯಲ್ಲಿ ಉಳಿಯುವುದಕ್ಕೂ ಬೇರೆ ರಜೆ ಇದೆ. ಅದಕ್ಕೆ 'ವಾಬ್' ಅನ್ನುತ್ತಾರೆ. ಫೆಬ್ರುವರಿಯಲ್ಲಿ ಮಕ್ಕಳಿಗೆಲ್ಲ ಸಾಲಾಗಿ ನೆಗಡಿ ಬರುವುದರಿಂದ ಆ ತಿಂಗಳಿಗೆ 'ವಾಬ್ರುವರಿ' ಅಂತ ಅಡ್ಡಹೆಸರು. ನನ್ನ ಮ್ಯಾನೇಜರ್, ಆರಡಿ ಎತ್ತರದ ಗಂಡಸು, ಬೆಳಗ್ಗೆ ಏಳಕ್ಕೆ "ಇವತ್ತು ವಾಬ್" ಅಂತ ಒಂದು ಸಾಲಿನ ಮೆಸೇಜ್ ಹಾಕುತ್ತಾನೆ. ಯಾರೂ ಹುಬ್ಬೇರಿಸುವುದಿಲ್ಲ.

ಇಷ್ಟೆಲ್ಲ ಇರುವ ದೇಶದಲ್ಲಿ ನನ್ನ ಟೀಮಿನಲ್ಲಿ ಹೆಣ್ಣುಮಕ್ಕಳು ಎಷ್ಟು ಜನ ಅಂತೀರಿ? ಹನ್ನೊಂದರಲ್ಲಿ ಇಬ್ಬರು. ಒಬ್ಬಳು ಹೈದರಾಬಾದಿನವಳು. ಬಂದ ಹೊಸದರಲ್ಲಿ ನನಗೆ ಇದು ತಲೆಗೇ ಹೋಗಿರಲಿಲ್ಲ. ಶಿವಮೊಗ್ಗದಲ್ಲಿ ನಾನು ಎಂಜಿನಿಯರಿಂಗ್ ಓದುವಾಗ ಕಂಪ್ಯೂಟರ್ ಸೈನ್ಸ್ ಕ್ಲಾಸಿನಲ್ಲಿ ಅರ್ಧಕ್ಕರ್ಧ ಹುಡುಗಿಯರಿದ್ದರು. ಮುಂದಿನ ಬೆಂಚು ಪೂರ್ತಿ ಅವರದ್ದೇ. ರಿಸಲ್ಟ್ ಬಂದ ದಿನ ನಾವು ಹುಡುಗರು ಕ್ಯಾಂಟೀನಿನ ಹಿಂದೆ ಇರುತ್ತಿದ್ದೆವು. ನಮ್ಮ ಕಾಲೇಜು ಮಾತ್ರ ಹೀಗಲ್ಲ. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದಲ್ಲಿ ಪದವಿ ಪಡೆಯುವ ಭಾರತೀಯರಲ್ಲಿ ಶೇ. 40ಕ್ಕೂ ಹೆಚ್ಚು ಹೆಣ್ಣುಮಕ್ಕಳು. ಯುರೋಪಿನ ಎಷ್ಟೋ ದೇಶಗಳು ಈ ಲೆಕ್ಕದಲ್ಲಿ ನಮಗಿಂತ ಹಿಂದೆ.

ಇಲ್ಲಿನ ಗೆಳೆಯರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ನನಗೆ ಅನ್ನಿಸುವುದು ಇಷ್ಟು. ಇಲ್ಲಿನ ಹುಡುಗಿ ಕಂಪ್ಯೂಟರ್ ಓದದಿದ್ದರೆ ಏನೂ ಮುಳುಗುವುದಿಲ್ಲ, ನರ್ಸ್ ಆಗಲಿ ಟೀಚರ್ ಆಗಲಿ ಒಬ್ಬಳೇ ಮನೆ ಮಾಡಿಕೊಂಡು ಇರಬಹುದು. ನಮ್ಮಲ್ಲಿ ಪಿಯುಸಿ ಸೈನ್ಸ್ ತೆಗೆದುಕೊಂಡು, ಸಿಇಟಿ ಬರೆದು, ಒಂದು ಸೀಟು ಹಿಡಿಯುವುದು ಅಂದರೆ ಬೆಂಗಳೂರಿಗೆ ಟಿಕೆಟ್ ಸಿಕ್ಕ ಹಾಗೆ. ಅದೊಂದು ತಪ್ಪಿದರೆ ಮುಂದಿನದು ಗಂಡಿನ ಕಡೆಯವರು ನೋಡಲು ಬರುವ ದಿನ. ಹಾಗಾಗಿ ಹುಡುಗಿಯರು ಜೀವ ಬಿಟ್ಟು ಓದುತ್ತಿದ್ದರು. ನಾವು ಅದನ್ನು 'ಉರು ಹೊಡೀತಾರೆ' ಅಂತ ತಮಾಷೆ ಮಾಡುತ್ತಿದ್ದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹಾಗಾದರೆ ಅಷ್ಟು ಜನ ಎಲ್ಲಿ ಹೋದರು? ಒಬ್ಬಳು ಎಲ್ಲಿ ಹೋದಳು ಅಂತ ನನಗೆ ಸರಿಯಾಗಿ ಗೊತ್ತು. ನನ್ನ ತಂಗಿ.

ನನ್ನದೇ ಕಾಲೇಜು, ನನ್ನದೇ ಬ್ರಾಂಚು, ಮೂರು ವರ್ಷ ಜೂನಿಯರ್. ನನಗಿಂತ ಒಳ್ಳೆಯ ಪ್ರೋಗ್ರಾಮರ್. ಇದು ವಿನಯದ ಮಾತಲ್ಲ, ನನ್ನ ಫೈನಲ್ ಇಯರ್ ಪ್ರಾಜೆಕ್ಟಿನ ತಪ್ಪು ಹುಡುಕಿಕೊಟ್ಟವಳು ಅವಳು. ಸಂಜೆ ಲ್ಯಾಬಿನಲ್ಲಿ ಉಳಿಯುವುದು ಮಾತ್ರ ಅವಳಿಗೆ ಆಗುತ್ತಿರಲಿಲ್ಲ. ನನಗೆ ಬೈಕ್ ಇತ್ತು, ಅವಳಿಗೆ ಬಸ್ಸು. ಕೊನೆ ಬಸ್ಸು ತಪ್ಪಿದರೆ ಅಪ್ಪ ಪೇಟೆ ತನಕ ಬರಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಅಂತಾದಾಗ ಅವಳು ನಕ್ಕಳು. "ಬಸ್ಸು ಫ್ರೀ ಆಯ್ತು ಅಣ್ಣ, ಆದ್ರೆ ನಮ್ಮ ರೂಟಲ್ಲಿ ಸರ್ಕಾರಿ ಬಸ್ಸೇ ಇಲ್ವಲ್ಲ!" ಮಲೆನಾಡಿನ ಒಳದಾರಿಗಳಲ್ಲಿ ಇವತ್ತಿಗೂ ಓಡುವುದು ಜಾಸ್ತಿ ಖಾಸಗಿ ಬಸ್ಸುಗಳೇ.

ಕ್ಯಾಂಪಸ್ಸಿನಲ್ಲೇ ಕೆಲಸ ಸಿಕ್ಕಿತು, ಬೆಂಗಳೂರಿಗೆ ಹೋದಳು. ನಾಲ್ಕು ವರ್ಷ ಚೆನ್ನಾಗಿಯೇ ನಡೆಯಿತು. ಮದುವೆಯಾಯಿತು. ಬೇರೆ ಕಂಪನಿಗೆ ಇಂಟರ್‌ವ್ಯೂಗೆ ಹೋದರೆ, ಕೋಡ್ ಬರೆಸಿದ ಮೇಲೆ ಕೇಳಿದ ಪ್ರಶ್ನೆ, "ಮಕ್ಕಳ ಪ್ಲಾನ್ ಏನು?" ಆ ಮನುಷ್ಯನನ್ನು ಬೈದುಬಿಡುವುದು ಸುಲಭ, ನಾನೂ ಬೈದಿದ್ದೇನೆ. ಆದರೆ ಅವನ ಲೆಕ್ಕ ನೋಡಿ. 2017ರ ತಿದ್ದುಪಡಿಯಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಒಳ್ಳೆಯದೇ. ಐವತ್ತು ಜನ ಇರುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಕೋಣೆ ಇರಬೇಕು ಅಂತಲೂ ಆಯಿತು. ಆದರೆ ಆ 26 ವಾರದ ಸಂಬಳ ಕಂಪನಿಯೇ ಕೊಡಬೇಕು. ಅಪ್ಪನಿಗೆ? ಕೇಂದ್ರ ಸರ್ಕಾರದ ನೌಕರನಾದರೆ 15 ದಿನ. ಖಾಸಗಿಯವರಿಗೆ ಅಂಥ ಕಾನೂನೇ ಇಲ್ಲ. ಅಂದರೆ ಮಗು ಹೆಣ್ಣಿನ ಖರ್ಚು, ಆ ಖರ್ಚು ಕಂಪನಿಯ ತಲೆ ಮೇಲೆ. ಸ್ವೀಡನ್ನಿನಲ್ಲಿ ರಜೆಯ ಹಣ ಬರುವುದು ಸರ್ಕಾರದ ವಿಮೆಯಿಂದ. ಗಂಡಾಗಲಿ ಹೆಣ್ಣಾಗಲಿ, ಪ್ರತಿ ನೌಕರರ ಲೆಕ್ಕದಲ್ಲೂ ಕಂಪನಿಗಳು ಅದಕ್ಕೆ ಹಣ ಕಟ್ಟುತ್ತಾ ಇರುತ್ತವೆ. ಮೂವತ್ತರ ಗಂಡಸನ್ನು ಸೇರಿಸಿಕೊಂಡರೂ ಅವನು ಆರು ತಿಂಗಳು ಮಾಯವಾಗಬಹುದು. ಆಗ ಹೆಣ್ಣಿಗೆ ಮಾತ್ರ ಆ ಪ್ರಶ್ನೆ ಕೇಳಿ ಏನು ಪ್ರಯೋಜನ?

ನನ್ನ ಪ್ರಕಾರ ನಮ್ಮಲ್ಲಿ ಆಗಬೇಕಾದ ಕೆಲಸ ಇದು. 'ಹೆಣ್ಣುಮಕ್ಕಳೇ ಕೋಡಿಂಗ್ ಕಲಿಯಿರಿ' ಅನ್ನುವ ಶಿಬಿರಗಳನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಕಲಿತಾಗಿದೆ ಮಾರಾಯ್ರೇ! ನನ್ನ ಕ್ಲಾಸಿನ ಮುಂದಿನ ಬೆಂಚು ಇಪ್ಪತ್ತು ವರ್ಷದ ಹಿಂದೆಯೇ ಕಲಿತಿತ್ತು. ಈಗ ಕಲಿಯಬೇಕಾದವರು ಹಿಂದಿನ ಬೆಂಚಿನವರು. ಕೋಡಿಂಗ್ ಅಲ್ಲ, ಮಗುವಿಗೆ ಗಂಜಿ ಕುಡಿಸುವುದು.

ತಂಗಿಗೆ ಮಗು ಆಯಿತು, ಕೊರೊನಾ ಬಂತು, ಗಂಡನ ಊರಿಗೆ ಬಂದು ಮನೆಯಿಂದಲೇ ಕೆಲಸ ಶುರುವಾಯಿತು. ನೆಟ್‌ವರ್ಕ್ ಸಿಗುತ್ತಿದ್ದದ್ದು ಅಡಿಕೆ ಒಣಗಿಸುವ ಅಂಗಳದ ಒಂದೇ ಮೂಲೆಯಲ್ಲಿ. ಆ ವರ್ಷಗಳಲ್ಲಿ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ 'ನೆಟ್‌ವರ್ಕ್ ಇಲ್ಲ ಅಂದ್ರೆ ವೋಟೂ ಇಲ್ಲ' ಅಂತ ಜನ ಕೂಗೆಬ್ಬಿಸಿದ್ದು ನಿಮಗೂ ನೆನಪಿರಬಹುದು. ಕರ್ನಾಟಕದಲ್ಲೇ ಹುಟ್ಟಿದ ರಾಜೇಶ್ವರಿ ಚಟರ್ಜಿ ಅನ್ನುವ ಎಂಜಿನಿಯರ್ 1953ರಿಂದಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್, ಆಂಟೆನಾ ಅಂತ ಪಾಠ ಮಾಡಿದವರು. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದರೂ ನಾನು ಆ ಹೆಸರು ಕೇಳಿರಲಿಲ್ಲ. ಅದಾಗಿ ಎಪ್ಪತ್ತು ವರ್ಷದ ಹತ್ತಿರ ಹತ್ತಿರ ಇನ್ನೊಬ್ಬ ಕನ್ನಡದ ಎಂಜಿನಿಯರ್ ಕೊಡೆ ಹಿಡಿದು ಅಂಗಳದ ಮೂಲೆಯಲ್ಲಿ ಸಿಗ್ನಲ್ ಹುಡುಕುತ್ತಿದ್ದಳು. ಹೇಗೋ ಎರಡು ಮಳೆಗಾಲ ತಳ್ಳಿದಳು. ಆಮೇಲೆ ಕಂಪನಿ ಎಲ್ಲರೂ ಆಫೀಸಿಗೆ ಬನ್ನಿ ಅಂದಿತು. ಮಗು, ಅತ್ತೆಯ ಮಂಡಿನೋವು, ತೋಟ. ಬಿಟ್ಟಳು. ಬಿಡು ಅಂತ ಅವಳಿಗೆ ಯಾರೂ ಹೇಳಲಿಲ್ಲ. ಅವಳ ಗಂಡನಿಗೆ 'ನೀನು ಬಿಡ್ತೀಯಾ?' ಅಂತ ಯಾರೂ ಕೇಳಲೂ ಇಲ್ಲ. ನಾನೂ ಕೇಳಲಿಲ್ಲ.

ಅವರ ಮನೆಯಲ್ಲಿ ಅಡಿಕೆ ಸುಲಿಯುವ ಮೆಷಿನ್ ಬಂದಾಗ ಒಂದು ವಿಷಯ ಗಮನಿಸಿದ್ದೆ. ಮೊದಲು ಕೊಯ್ಲಿನ ದಿನಗಳಲ್ಲಿ ಹೆಂಗಸರು ಬಲ್ಬಿನ ಕೆಳಗೆ ಮೆಟ್ಟುಗತ್ತಿ ಇಟ್ಟುಕೊಂಡು ಸರಿರಾತ್ರಿ ತನಕ ಸುಲಿಯುತ್ತಿದ್ದರು. ಕೂಲಿ ಡಬ್ಬದ ಲೆಕ್ಕ. ಇಷ್ಟು ಡಬ್ಬ ಸುಲಿದರೆ ಇಷ್ಟು ದುಡ್ಡು. ಊರಿನ ಸುದ್ದಿಯೆಲ್ಲ ಅಲ್ಲೇ ಸುಲಿದು ಹೋಗುತ್ತಿತ್ತು. ಮೆಷಿನ್ ಬಂದ ಮೇಲೆ ಸ್ವಿಚ್ ಹಾಕುವವನು ಗಂಡಸು, ಅವನಿಗೆ 'ಆಪರೇಟರ್' ಅಂತ ಹೆಸರು. ಮೆಷಿನ್ ಅರ್ಧಂಬರ್ಧ ಬಿಟ್ಟದ್ದನ್ನು ಆರಿಸುವುದು, ಸಿಪ್ಪೆ ಬಾಚುವುದು ಹೆಂಗಸರಿಗೆ. ಮೆಷಿನ್ನಿನ ಕಿವಿ ತಿರುಗಿಸಲು ಮೀಸೆ ಬೇಕು ಅಂತ ಯಾವ ಮ್ಯಾನುಯಲ್‌ನಲ್ಲೂ ಬರೆದಿರಲಿಲ್ಲ.

ಈಗ ಅದೇ ಮನೆಯ ಜಗಲಿಯಲ್ಲಿ ತಂಗಿಯ ಲ್ಯಾಪ್‌ಟಾಪ್ ಇದೆ. ಮ್ಯಾಮ್‌ಕೋಸ್ ಸೊಸೈಟಿಯ ಅಡಿಕೆ ದರ ಎಷ್ಟಾಯ್ತು ನೋಡಮ್ಮ ಅಂತ ಮಾವ ಬೆಳಗ್ಗೆಯೇ ಕೇಳುತ್ತಾರೆ. ಪಕ್ಕದ ಮನೆಯವರಿಗೆ ಬೆಳೆ ಸಮೀಕ್ಷೆ ಆ್ಯಪ್ ತೆರೆಯುವುದಿಲ್ಲ. ಮೇಲಿನ ಕೇರಿಯವರ ಪಹಣಿಯಲ್ಲಿ ಹೆಸರು ತಪ್ಪಾಗಿದೆ, ಆಧಾರ್ ಜೋಡಣೆ ಆಗಿಲ್ಲ. ಒಬ್ಬರ ಮಗನಿಗೆ ಸ್ಕಾಲರ್‌ಶಿಪ್ ಅರ್ಜಿ. ಎಲ್ಲ ಅವಳೇ. ಆ ಊರಿಗೆ ಅವಳೇ ಐಟಿ ಡಿಪಾರ್ಟ್‌ಮೆಂಟ್. ಇದೇ ಕೆಲಸವನ್ನು ಪೇಟೆಯಲ್ಲಿ ಹುಡುಗನೊಬ್ಬ ಬೋರ್ಡ್ ಹಾಕಿಕೊಂಡು ಮಾಡುತ್ತಾನೆ, ಒಂದೊಂದು ಅರ್ಜಿಗೂ ದುಡ್ಡು ಎಣಿಸಿ ಇಟ್ಟುಕೊಳ್ಳುತ್ತಾನೆ. ಅವನದ್ದು ಬಿಸಿನೆಸ್. ಇವಳದ್ದು 'ಮನೇಲೇ ಇರ್ತಾಳಲ್ಲ' ಅನ್ನುವ ಲೆಕ್ಕ.

ಹೋದ ಸಲ ಊರಿಗೆ ಹೋದಾಗ ಲ್ಯಾಪ್‌ಟಾಪಿನ ಪಕ್ಕ ಒಂದು ಖಾಲಿ ಡಬ್ಬ ಕಂಡಿತು. ಎಂತಕ್ಕೆ ಅಂತ ಕೇಳಿದೆ.

"ಸುಲಿಯೋರಿಗೆ ಡಬ್ಬಕ್ಕೆ ಇಷ್ಟು ಅಂತ ಇದೆಯಲ್ಲ ಅಣ್ಣ, ಅರ್ಜಿಗೂ ಒಂದು ರೇಟ್ ಇರ್ಲಿ ಅಂತ."

ಒಳಗಿನಿಂದ ಅವಳ ಅತ್ತೆ, "ಊರವ್ರ ಹತ್ರ ದುಡ್ಡು ಕೇಳೋದನಾ?" ಅಂದರು. ತಂಗಿ ಉತ್ತರ ಕೊಡಲಿಲ್ಲ. ಎಷ್ಟು ಇಡಬಹುದು ಅಂತ ನನ್ನನ್ನು ಕೇಳಿದಳು. ನಾನು ಐವತ್ತು ಅಂದೆ.

ಅವಳು ನೂರು ಅಂತ ಚೀಟಿ ಬರೆದು ಡಬ್ಬಕ್ಕೆ ಅಂಟಿಸಿದಳು.